ಬೃಹತ್ ಮರಗಳ ಭಾರ ಇಳಿಸುವುದು ಹೇಗೆ? ನೆತ್ತಿ ಕಡಿದರೆ ಅಪಾಯವೇ ಹೆಚ್ಚು

ಚಿಕ್ಕೋಡಿ: ಅಶ್ವಿನಿ, ಭರಣಿ ಮಳೆಗಳು ಬಿರುಗಾಳಿಯೊಡನೆ ಬರುವ ದಿನಗಳು ಸಮೀಪಿಸಿದಂತೆ ಬೆಳಗಾವಿ ಜಿಲ್ಲೆಯ ಉತ್ತರ ಭಾಗದ ಊರುಗಳಲ್ಲಿ ಕೊಡಲಿಯ ಸದ್ದು ಕೇಳಿಬರುವುದು ವಾಡಿಕೆ. ಶಾಲೆಯ ಅಂಗಳದ ಬೇವು, ಗುಡಿಯ ಮುಂದಿನ ಅರಳಿ, ರಸ್ತೆ ಬದಿಯ ಆಲ, ಮನೆಯ ಹಿತ್ತಿಲಿನ ಹುಣಸೆ ಹೀಗೆ ಹಲವು ತಲೆಮಾರು ಕಂಡ ಮರಗಳು ಮನೆ, ವಿದ್ಯುತ್ ತಂತಿ ಹಾಗೂ ಜನರ ಮೇಲೆ ಬೀಳಬಹುದೆಂಬ ಭೀತಿ ಇದಕ್ಕೆ ಕಾರಣ. ಭೀತಿ ನಿರಾಧಾರವೇನೂ ಅಲ್ಲ. ಆದರೆ ಅದನ್ನು ನಿವಾರಿಸಲು ಸಾಮಾನ್ಯವಾಗಿ ಅನುಸರಿಸುವ ಮಾರ್ಗ, ಅಂದರೆ ಮರದ ನೆತ್ತಿಯನ್ನೇ ಕಡಿದು ಬೋಳುಗಂಬವಾಗಿ ನಿಲ್ಲಿಸುವ ಪದ್ಧತಿಯು ಕೆಲವೇ ವರ್ಷಗಳಲ್ಲಿ ಅದೇ ಮರವನ್ನು ಮೊದಲಿಗಿಂತ ಅಪಾಯಕಾರಿಯಾಗಿ ಮಾಡುತ್ತದೆ.

ಚಿಕ್ಕೋಡಿ, ರಾಯಬಾಗ, ಅಥಣಿ ಹಾಗೂ 2018ರಲ್ಲಿ ಹೊಸ ತಾಲ್ಲೂಕುಗಳಾಗಿ ರೂಪುಗೊಂಡ ನಿಪ್ಪಾಣಿ ಮತ್ತು ಕಾಗವಾಡಗಳಲ್ಲಿ ಮರವನ್ನು ಆಡುಮಾತಿನಲ್ಲಿ ‘ಗಿಡ’ ಎಂದೂ ಕೊಂಬೆಯನ್ನು ‘ಟೊಂಗೆ’ ಎಂದೂ ಕರೆಯುತ್ತಾರೆ. ಟೊಂಗೆ ಸವರುವುದು ಇಲ್ಲಿನ ರೈತರಿಗೆ ಹೊಸದಲ್ಲ. ಬದುವಿನ ಬೇವು, ಜಾಲಿ, ಬನ್ನಿಗಳ ನೆರಳು ಬೆಳೆಯ ಮೇಲೆ ಬೀಳದಂತೆ ಸವರಿ, ಸೊಪ್ಪನ್ನು ಆಡುಗಳಿಗೆ ಹಾಕಿ, ಕಟ್ಟಿಗೆಯನ್ನು ಒಲೆಗೆ ಬಳಸುವ ರೂಢಿ ಬಹು ಹಳೆಯದು. ಹೀಗೆ ಎಳೆಯ ವಯಸ್ಸಿನಿಂದಲೇ ಒಂದೇ ಸ್ಥಳದಲ್ಲಿ, ಕೆಲವು ವರ್ಷಗಳಿಗೊಮ್ಮೆ, ತೆಳುವಾದ ಕೊಂಬೆಗಳನ್ನು ಕಳೆದುಕೊಳ್ಳುತ್ತ ಬೆಳೆದ ಮರ ಅದಕ್ಕೆ ಹೊಂದಿಕೊಂಡಿರುತ್ತದೆ. ಐವತ್ತು, ನೂರು ವರ್ಷ ಕೊಡಲಿಯನ್ನೇ ಕಾಣದ ಮರದ ದಪ್ಪ ತೋಳುಗಳನ್ನು ಒಮ್ಮೆಲೇ ಕತ್ತರಿಸುವುದು ಮಾತ್ರ ಬೇರೆಯೇ ಸಂಗತಿ. ಈ ಎರಡನ್ನೂ ಒಂದೇ ಎಂದು ಭಾವಿಸಿರುವುದೇ ಅನೇಕ ಅನಾಹುತಗಳ ಮೂಲ.

ನೆತ್ತಿ ಕಡಿದರೆ ಆಗುವುದೇನು?

ಮರಕ್ಕೆ ಆಹಾರ ತಯಾರಾಗುವುದು ಎಲೆಯಲ್ಲಿ. ಎಲ್ಲ ಎಲೆಗಳನ್ನೂ ಒಮ್ಮೆಲೇ ಕಳೆದುಕೊಂಡ ಮರವು ಕಾಂಡ ಮತ್ತು ಬೇರುಗಳಲ್ಲಿ ಕೂಡಿಟ್ಟ ಆಹಾರವನ್ನು ವ್ಯಯಿಸಿ, ಕತ್ತರಿಸಿದ ಜಾಗದ ಸುತ್ತ ಗುಂಪು ಗುಂಪಾಗಿ ಹೊಸ ಚಿಗುರು ಹೊರಡಿಸುತ್ತದೆ. ನೋಡುವವರಿಗೆ ಮರ ಚೇತರಿಸಿಕೊಂಡಂತೆ ಕಾಣುತ್ತದೆ. ವಾಸ್ತವದಲ್ಲಿ ಅದು ಉಪವಾಸ ತಪ್ಪಿಸಿಕೊಳ್ಳಲು ನಡೆಸುವ ಹೋರಾಟ.

ಸಹಜವಾಗಿ ಬೆಳೆದ ಕೊಂಬೆಯ ಬುಡವು ವರ್ಷ ವರ್ಷವೂ ಕಾಂಡದ ನಾರಿನೊಡನೆ ಹೆಣೆದುಕೊಂಡು ಗಟ್ಟಿಯಾಗಿರುತ್ತದೆ. ಕಡಿದ ನಂತರ ಬರುವ ಚಿಗುರುಗಳಾದರೋ ತೊಗಟೆಯ ಕೆಳಗಿನ ಹೊರಪದರಕ್ಕೆ ಮಾತ್ರ ಅಂಟಿಕೊಂಡಿರುತ್ತವೆ. ಅವು ಬಲು ವೇಗವಾಗಿ ಬೆಳೆದು ನಾಲ್ಕೈದು ವರ್ಷಗಳಲ್ಲಿ ಭಾರವಾದ ಕೊಂಬೆಗಳಾಗುತ್ತವೆ. ಅಷ್ಟರಲ್ಲಿ ಕೆಳಗಿನ ದಪ್ಪ ಗಾಯದೊಳಗೆ ಮಳೆನೀರು ಇಳಿದು, ಶಿಲೀಂಧ್ರ ಸೇರಿ, ಮರ ಒಳಗಿನಿಂದ ಕೊಳೆಯಲು ಆರಂಭಿಸಿರುತ್ತದೆ. ಮೇಲೆ ಹೊಸ ಭಾರ, ಕೆಳಗೆ ಕೊಳೆತ ಆಸರೆ. ಮುಂದಿನ ಬಿರುಗಾಳಿಗೆ ಸೀಳಿ ಬೀಳುವುದು ಇಂತಹ ಕೊಂಬೆಗಳೇ. ಇದುವರೆಗೆ ನೆರಳಿನಲ್ಲಿದ್ದ ತೊಗಟೆಗೆ ಏಪ್ರಿಲ್, ಮೇ ತಿಂಗಳ ಬಿಸಿಲು ನೇರವಾಗಿ ಬಡಿದು ಸುಟ್ಟು ಬಿರಿಯುವುದು ಇನ್ನೊಂದು ಹಾನಿ.

ತುದಿಯಿಂದ ಒಳಕ್ಕೆ

ಹಾಗಾದರೆ ದೊಡ್ಡ ಮರದ ಗಾತ್ರವನ್ನು ಕುಗ್ಗಿಸುವ ಸರಿಯಾದ ಕ್ರಮ ಯಾವುದು? ವೃಕ್ಷ ನಿರ್ವಹಣೆಯನ್ನು ಬಲ್ಲವರು ಎಲ್ಲೆಡೆ ಒಪ್ಪುವ ಸೂತ್ರ ಸರಳವಾಗಿದೆ: ಭಾರವನ್ನು ತುದಿಯಿಂದ ಇಳಿಸಬೇಕು, ಬುಡದಿಂದಲ್ಲ. ಉದ್ದ ಚಾಚಿದ ಕೊಂಬೆಯನ್ನು ಅದರಿಂದಲೇ ಕವಲೊಡೆದ, ಜೀವಂತವಾದ ಪಕ್ಕದ ಕೊಂಬೆಯವರೆಗೆ ಮಾತ್ರ ಹಿಂದಕ್ಕೆ ಕತ್ತರಿಸಬೇಕು. ಉಳಿಸಿಕೊಳ್ಳುವ ಪಕ್ಕದ ಕೊಂಬೆಯು ಕತ್ತರಿಸಿದ ಕೊಂಬೆಯ ದಪ್ಪದ ಮೂರನೆಯ ಒಂದು ಭಾಗದಷ್ಟಾದರೂ ಇರಬೇಕು. ಆಗ ಅದು ತುದಿಯ ಸ್ಥಾನವನ್ನು ತಾನೇ ವಹಿಸಿಕೊಂಡು, ಗಾಯದ ಸುತ್ತಲಿನ ಭಾಗಕ್ಕೆ ಆಹಾರ ಒದಗಿಸುತ್ತದೆ. ಕೆಲಸ ಮುಗಿದ ಮೇಲೆ ಮರ ತನ್ನ ಸಹಜ ಆಕಾರದಲ್ಲಿಯೇ, ಆದರೆ ಚಿಕ್ಕದಾಗಿ ಕಾಣಬೇಕು. ಬೋಳಾಗಿ ಕಂಡರೆ ಕೆಲಸ ಕೆಟ್ಟಿತೆಂದೇ ಅರ್ಥ.

ಇಷ್ಟರಿಂದ ಅಪಾಯ ತಗ್ಗೀತೇ ಎಂಬ ಸಂದೇಹ ಸಹಜ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಆ ಒತ್ತಡ ಎಷ್ಟು ಎತ್ತರದಲ್ಲಿ ಬೀಳುತ್ತದೆಯೋ ಅಷ್ಟೂ ಹೆಚ್ಚಾಗಿ ಬುಡವನ್ನು ಬಾಗಿಸುತ್ತದೆ. ಒಂದು ಮರದ ಹರವಿನ ನಡುಭಾಗ ನೆಲದಿಂದ 12 ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳೋಣ. ತುದಿಗಳನ್ನು ಹಿಂದಕ್ಕೆ ಕತ್ತರಿಸಿ ಅದನ್ನು 10 ಮೀಟರ್‌ಗೆ ಇಳಿಸಿ, ಗಾಳಿಗೆ ಒಡ್ಡಿಕೊಳ್ಳುವ ಹರವನ್ನು ಐದನೆಯ ಒಂದು ಭಾಗದಷ್ಟು ಕುಗ್ಗಿಸಿದರೆ, ಬುಡದ ಮೇಲಿನ ಬಾಗುಬಲ ಸುಮಾರು ಮೂರನೆಯ ಒಂದು ಭಾಗ ಕಡಿಮೆಯಾಗುತ್ತದೆ. ಅಲ್ಪ ಕತ್ತರಿಕೆಯಿಂದ ಅಧಿಕ ಲಾಭ ದೊರೆಯುವ ಗುಟ್ಟು ಇಲ್ಲಿದೆ.

ಒಂದು ವರ್ಷದಲ್ಲಿ ಜೀವಂತ ಎಲೆಭಾಗದ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಮುದಿ ಮರಗಳಿಗೆ ಈ ಮಿತಿ ಇನ್ನೂ ಕಡಿಮೆ. ಹೆಚ್ಚು ಇಳಿಸಬೇಕಾಗಿದ್ದರೆ ಕೆಲಸವನ್ನು ಎರಡು ಮೂರು ಹಂತಗಳಾಗಿ, ನಡುವೆ ಒಂದೆರಡು ವರ್ಷ ಬಿಟ್ಟು ಮಾಡುವುದು ಲೇಸು. ಸಾಧ್ಯವಾದಷ್ಟೂ 10 ಸೆಂಟಿಮೀಟರ್‌ಗಿಂತ ದಪ್ಪನೆಯ ಕೊಂಬೆಗೆ ಕೈಹಚ್ಚದಿರುವುದು ಒಳಿತು. ಕೊಂಬೆಯ ದಪ್ಪ 10ರಿಂದ 20 ಸೆಂಟಿಮೀಟರ್ ಆದರೆ ಗಾಯದ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. ಅದು ಮುಚ್ಚಿಕೊಳ್ಳಲು ಹಿಡಿಯುವ ಕಾಲವೂ ಹೆಚ್ಚುತ್ತದೆ.

ಮೂರು ಕೊಯ್ತಗಳ ಕ್ರಮ

ಕೊಂಬೆಯನ್ನು ಎಲ್ಲಿ ಕತ್ತರಿಸಬೇಕೆಂಬುದನ್ನು ಮರವೇ ತೋರಿಸಿಕೊಡುತ್ತದೆ. ಕೊಂಬೆ ಕಾಂಡವನ್ನು ಸೇರುವಲ್ಲಿ ಕೊರಳಪಟ್ಟಿಯಂತಹ ಸಣ್ಣ ಉಬ್ಬು ಇರುತ್ತದೆ. ಗಾಯವನ್ನು ಮುಚ್ಚುವ ಹೊಸ ಅಂಗಾಂಶ ಹುಟ್ಟುವುದು ಇಲ್ಲಿಂದಲೇ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ವಿಜ್ಞಾನಿ ಅಲೆಕ್ಸ್ ಶೈಗೊ (1930–2006) ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ಪರೀಕ್ಷಿಸಿ ಈ ಉಬ್ಬಿನ ಮಹತ್ವವನ್ನು ಜಗತ್ತಿಗೆ ತಿಳಿಸಿದರು. ಪ್ರಾಣಿಗಳ ಗಾಯದಂತೆ ಮರದ ಗಾಯ ಮಾಯುವುದಿಲ್ಲ, ಮರ ಅದನ್ನು ಗೋಡೆ ಕಟ್ಟಿದಂತೆ ಪ್ರತ್ಯೇಕಿಸಿ ಮೇಲೆ ಹೊಸ ಪದರ ಬೆಳೆಸುತ್ತದೆ ಎಂಬುದು ಅವರ ಸಂಶೋಧನೆಯ ಸಾರ. ಆದ್ದರಿಂದ ಉಬ್ಬನ್ನು ಸೇರಿಸಿ ಕಾಂಡಕ್ಕೆ ಸಮನಾಗಿ ಕತ್ತರಿಸುವುದೂ ತಪ್ಪು, ಮೊಳದುದ್ದದ ಮೋಟು ಉಳಿಸುವುದೂ ತಪ್ಪು. ಕೊಯ್ತ ಉಬ್ಬಿನ ಹೊರ ಅಂಚಿನಲ್ಲಿಯೇ ಬೀಳಬೇಕು.

ಭಾರವಾದ ಕೊಂಬೆಯನ್ನು ಒಂದೇ ಏಟಿಗೆ ಕತ್ತರಿಸಿದರೆ ಅದು ಮುರಿದು ಬೀಳುವಾಗ ಕಾಂಡದ ತೊಗಟೆಯನ್ನು ಉದ್ದಕ್ಕೆ ಸುಲಿದುಕೊಂಡು ಹೋಗುತ್ತದೆ. ಇದನ್ನು ತಪ್ಪಿಸಲು ಮೂರು ಕೊಯ್ತಗಳ ಕ್ರಮವಿದೆ. ಮೊದಲನೆಯದು, ಕಾಂಡದಿಂದ ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಕೊಂಬೆಯ ಅಡಿಭಾಗದಿಂದ ಮೂರನೆಯ ಒಂದು ಭಾಗದಷ್ಟು ಆಳಕ್ಕೆ. ಎರಡನೆಯದು, ಅದಕ್ಕಿಂತ ತುಸು ಹೊರಗೆ, ಮೇಲಿನಿಂದ ಕೆಳಕ್ಕೆ. ಕೊಂಬೆ ಇಲ್ಲಿ ಕಳಚಿಕೊಳ್ಳುತ್ತದೆ. ಮೂರನೆಯದು, ಉಳಿದ ಮೋಟನ್ನು ಉಬ್ಬಿನ ಹೊರ ಅಂಚಿನಲ್ಲಿ ತೆಗೆಯುವುದು. ಇದಕ್ಕೆ ಕೊಡಲಿಗಿಂತ ಹರಿತವಾದ ಗರಗಸವೇ ಸೂಕ್ತ.

ಗಾಯಕ್ಕೆ ಡಾಂಬರು, ಬಣ್ಣ ಬಳಿಯುವುದರಿಂದ ಕೊಳೆಯುವಿಕೆ ನಿಲ್ಲುವುದಿಲ್ಲ. ತೇವ ಒಳಗೇ ಉಳಿದು ತೊಂದರೆ ಹೆಚ್ಚಬಹುದು. ಮಾವಿನಂತಹ ತೋಟದ ಮರಗಳಿಗೆ ಮಾತ್ರ ಶಿಲೀಂಧ್ರ ತಡೆಯಲು ಬೋರ್ಡೊ ಮುಲಾಮು ಹಚ್ಚುವ ಪದ್ಧತಿ ತೋಟಗಾರಿಕೆಯಲ್ಲಿದೆ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 10 ಲೀಟರ್ ನೀರು ಇದರ ಪ್ರಮಾಣ.

ಯಾವ ಮರಕ್ಕೆ ಯಾವ ಕಾಲ?

ಮೇ ತಿಂಗಳಲ್ಲಿ ಮೋಡ ಕಂಡ ಮೇಲೆ ಗರಗಸ ಹಿಡಿಯುವುದು ತಡವಾದಂತೆ. ಸುಗ್ಗಿ ಮುಗಿದು ಹವೆ ಒಣಗಿರುವ, ಆದರೆ ಹೊಸ ಚಿಗುರು ಒಡೆಯದ ಅವಧಿ, ಸ್ಥೂಲವಾಗಿ ಸಂಕ್ರಾಂತಿಯಿಂದ ಶಿವರಾತ್ರಿಯವರೆಗೆ, ಈ ಭಾಗದ ಹೆಚ್ಚಿನ ಮರಗಳಿಗೆ ಪ್ರಶಸ್ತ.

ಬೇವು: ಯುಗಾದಿಯ ಹೊತ್ತಿಗೆ ಹೊಸ ಎಲೆ, ಹೂ ಬಿಡುವುದರಿಂದ ಅದಕ್ಕೆ ಮೊದಲೇ ಸವರಬೇಕು. ಬೇವಿನ ತುದಿ ಒಣಗುವ ಶಿಲೀಂಧ್ರ ರೋಗವನ್ನು 1997ರಲ್ಲಿ ಕರ್ನಾಟಕದ ಸಂಶೋಧಕರೇ ಮೊದಲಿಗೆ ಗುರುತಿಸಿದರು. ಮಳೆಗಾಲದಲ್ಲಿ ಹಬ್ಬುವ ಈ ರೋಗವಿರುವ ಮರದಲ್ಲಿ ಒಣಗಿದ ತುದಿಗಳನ್ನು ಹಸಿರು ಭಾಗದವರೆಗೆ ಕತ್ತರಿಸಿ ಸುಡುವುದು ಉಚಿತ.

ಹುಣಸೆ: ಬಿರುಗಾಳಿಗೆ ಚೆನ್ನಾಗಿ ತಡೆದುಕೊಳ್ಳುವ ಮರ. ಹಣ್ಣು ಇಳಿಸಿದ ಕೂಡಲೇ ಒಣಗಿದ ಹಾಗೂ ತೀರ ಚಾಚಿದ ಕೊಂಬೆಗಳನ್ನಷ್ಟೇ ತೆಗೆದರೆ ಸಾಕು.

ಮಾವು: ಹಣ್ಣಿನ ಕೊಯ್ಲಿನ ನಂತರ, ಮಳೆ ಬಿಡುವು ಕೊಟ್ಟಾಗ ಸವರಬೇಕು. ಗಾಯಕ್ಕೆ ಕಾಂಡಕೊರಕ ಹುಳು ಆಕರ್ಷಿತವಾಗುವುದರಿಂದ ನಿಗಾ ಅಗತ್ಯ. ಇದರ ಸೊನೆ ಚರ್ಮವನ್ನು ಸುಡುತ್ತದೆ.

ಗುಲ್‌ಮೊಹರ್, ಮಳೆಮರ: ಹೊರನಾಡಿನಿಂದ ಬಂದ ಈ ಮರಗಳು ಅಡ್ಡಗಲ ಹಬ್ಬುತ್ತವೆ. ಇವುಗಳ ಕೊಂಬೆ ತುದಿಯ ಭಾರಕ್ಕೆ ಮುರಿಯುವುದು ಹೆಚ್ಚು. ಬಸ್ ನಿಲ್ದಾಣ, ಶಾಲೆಗಳ ಬಳಿ ಇದ್ದರೆ ಎರಡು ಮೂರು ವರ್ಷಗಳಿಗೊಮ್ಮೆ ತುದಿ ಹಗುರಗೊಳಿಸುವುದು ಕ್ಷೇಮ.

ಆಲ: ನೆಲ ಮುಟ್ಟಿದ ಬಿಳಲುಗಳು ಮರದ ಊರುಗೋಲುಗಳು. ಅವನ್ನು ಕಡಿದ ಮೇಲೆ ಮೇಲಿನ ಕೊಂಬೆಗೆ ಆಸರೆ ಉಳಿಯದು. ಹೌರಾ ಬಳಿಯ ಶಿಬಪುರದ ಸಸ್ಯೋದ್ಯಾನದಲ್ಲಿರುವ ಪ್ರಸಿದ್ಧ ಆಲದ ಮರವು 1864 ಮತ್ತು 1867ರ ಚಂಡಮಾರುತಗಳಲ್ಲಿ ಜರ್ಜರಿತವಾಗಿ, ಶಿಲೀಂಧ್ರ ತಗುಲಿ, 1925ರಲ್ಲಿ ಅದರ ಮೂಲ ಕಾಂಡವನ್ನೇ ತೆಗೆಯಬೇಕಾಯಿತು. ಇಂದಿಗೂ ಅದು ಬಿಳಲುಗಳ ಬಲದಿಂದಲೇ ಬದುಕಿದೆ. ಭಾರದ ಕೊಂಬೆಯ ಕೆಳಗಿನ ಎಳೆಯ ಬಿಳಲನ್ನು ಸೀಳಿದ ಬಿದಿರಿನೊಳಗೆ ಹಾಯಿಸಿ ನೆಲಕ್ಕಿಳಿಸಿದರೆ ಕ್ರಮೇಣ ಹೊಸ ಕಂಬವೇ ಸಿದ್ಧವಾಗುತ್ತದೆ.

ದೋಷ ಬೇರಿನಲ್ಲಿದ್ದರೆ?

ಎಲ್ಲ ಅಪಾಯಕ್ಕೂ ಕೊಂಬೆ ಸವರುವುದೇ ಪರಿಹಾರವಲ್ಲ. ಕೃಷ್ಣಾ, ದೂಧಗಂಗಾ, ವೇದಗಂಗಾ ತೀರದ ಹಳ್ಳಿಗಳು 2005, 2019 ಮತ್ತು 2021ರ ಮಹಾಪೂರಗಳನ್ನು ಕಂಡಿವೆ. ದಿನಗಟ್ಟಲೆ ನೀರಿನಲ್ಲಿ ನಿಂತ ಮಣ್ಣಿನಲ್ಲಿ ಗಾಳಿಯಾಡದೆ ಬೇರುಗಳು ಕೊಳೆಯಬಹುದು. ಅದರ ಪರಿಣಾಮ ಮೇಲೆ ಕಾಣಿಸಿಕೊಳ್ಳಲು ವರ್ಷಗಳೇ ಬೇಕಾಗಬಹುದು. ರಸ್ತೆ ಅಗಲೀಕರಣ, ಚರಂಡಿ, ಕುಡಿಯುವ ನೀರಿನ ಕೊಳವೆಗಾಗಿ ಬುಡದ ಪಕ್ಕದಲ್ಲಿಯೇ ಅಗೆದಾಗಲೂ ಇದೇ ಸ್ಥಿತಿ. ಮರದ ಬಹುಪಾಲು ಬೇರುಗಳು ನೆಲದ ಮೇಲಿನ ಒಂದು ಮೀಟರ್ ಆಳದಲ್ಲಿಯೇ, ಕೊಂಬೆಗಳ ಹರವಿಗಿಂತಲೂ ಆಚೆಗೆ ಹಬ್ಬಿರುತ್ತವೆ. ಕಾಂಡಕ್ಕೆ ತಾಗುವಂತೆ ಕಾಂಕ್ರೀಟಿನ ಕಟ್ಟೆ ಕಟ್ಟುವುದೂ ಬೇರಿಗೆ ನೀರು, ಗಾಳಿ ದಕ್ಕದಂತೆ ಮಾಡುತ್ತದೆ.

ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ‘ದೊಡ್ಡಹುಣಸೆ’ ಎಂದೇ ಹೆಸರಾದ, ಆಫ್ರಿಕಾ ಮೂಲದ ಮೂರು ಬೃಹತ್ ಬಾವೊಬಾಬ್ ಮರಗಳಲ್ಲಿ ಒಂದು 2023ರ ಜುಲೈನಲ್ಲಿ ಬುಡಸಮೇತ ಉರುಳಿದುದನ್ನೂ, ನಂತರ ಅದನ್ನು ಯಂತ್ರಗಳ ನೆರವಿನಿಂದ ಮತ್ತೆ ನೆಟ್ಟುದನ್ನೂ ಇಲ್ಲಿ ನೆನೆಯಬಹುದು. ಕಾಂಡ ಎಷ್ಟೇ ದಪ್ಪವಿರಲಿ, ನೆಲದ ಹಿಡಿತ ಸಡಿಲಿದರೆ ಮರ ನಿಲ್ಲದು.

ಹೀಗಾಗಿ ಗರಗಸಕ್ಕೆ ಮೊದಲು ಪರೀಕ್ಷೆ ಅಗತ್ಯ. ಬುಡದಲ್ಲಿ ಅಣಬೆ, ಒಂದು ಬದಿಯ ಮಣ್ಣು ಉಬ್ಬಿರುವುದು ಅಥವಾ ಬಿರುಕು ಬಿಟ್ಟಿರುವುದು, ಇತ್ತೀಚೆಗೆ ಉಂಟಾದ ವಾಲಿಕೆ, ಎರಡು ಕಾಂಡಗಳ ಕವಲಿನಲ್ಲಿ ಸೀಳು, ನೆತ್ತಿಯ ಕೊಂಬೆಗಳು ಒಣಗಿರುವುದು, ಕಟ್ಟಿಗೆಯ ಸುತ್ತಿಗೆಯಿಂದ ತಟ್ಟಿದರೆ ಡೊಳ್ಳಿನಂತಹ ಸದ್ದು ಇವು ಎಚ್ಚರಿಕೆಯ ಲಕ್ಷಣಗಳು. ಆದರೆ ಟೊಳ್ಳಾದ ಮರವೆಲ್ಲ ಬೀಳುವುದಿಲ್ಲ. ಟೊಳ್ಳಿನ ಸುತ್ತ ಉಳಿದ ಗಟ್ಟಿ ಗೋಡೆ ಕಾಂಡದ ತ್ರಿಜ್ಯದ ಮೂರನೆಯ ಒಂದು ಭಾಗದಷ್ಟು ದಪ್ಪವಿದ್ದರೆ ಮರ ಸಾಕಷ್ಟು ಭದ್ರವೆಂಬುದು ಬಳಕೆಯಲ್ಲಿರುವ ಒಂದು ಅಂದಾಜು. ಮಣ್ಣು ಎದ್ದು ಮರ ಹೊಸದಾಗಿ ವಾಲಿದ್ದರೆ ಮಾತ್ರ ಯಾರೂ ಮೇಲೇರದೆ, ಕೆಳಗೆ ಓಡಾಟ ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸುವುದೇ ಸರಿ.

ಏರುವವನ ಜೀವ

30 ಸೆಂಟಿಮೀಟರ್ ದಪ್ಪ, 3 ಮೀಟರ್ ಉದ್ದದ ಹಸಿ ಕೊಂಬೆಯ ತೂಕ ಸುಮಾರು 2 ಕ್ವಿಂಟಲ್. ಅದು ಬೀಳುವಾಗ ತಿರುಗಿ ಬಡಿದರೆ ಏರಿದವನು ಉಳಿಯುವುದು ಕಷ್ಟ. ಬರಿಗಾಲಿನಲ್ಲಿ, ಹೆಗಲಿಗೆ ಕೊಡಲಿ ಸಿಕ್ಕಿಸಿಕೊಂಡು ಮರವೇರುವ ದಿನಗೂಲಿಯವರೇ ಈ ಕೆಲಸದಲ್ಲಿ ಹೆಚ್ಚು. ತಲೆಗೆ ಶಿರಸ್ತ್ರಾಣ, ಸೊಂಟ ಮತ್ತು ತೊಡೆಗೆ ಭದ್ರಪಟ್ಟಿ, ಕತ್ತರಿಸುವ ಕೊಂಬೆಗಿಂತ ಮೇಲಿನ ಗಟ್ಟಿ ಕವಲಿಗೆ ಕಟ್ಟಿದ ಸುರಕ್ಷಾ ಹಗ್ಗ ಇವು ಕನಿಷ್ಠ ಅಗತ್ಯ. ಭಾರದ ಕೊಂಬೆಯನ್ನು ಬೇರೊಂದು ದಪ್ಪ ಹಗ್ಗದಿಂದ ಬಿಗಿದು ತುಂಡು ತುಂಡಾಗಿ ಇಳಿಸಬೇಕು. ಏಣಿಯ ಮೇಲೆ ನಿಂತು ಯಂತ್ರಗರಗಸ ಬಳಸುವುದು, ಅದನ್ನು ಭುಜಕ್ಕಿಂತ ಮೇಲೆತ್ತುವುದು ಸಲ್ಲದು. ಮರದ ಎತ್ತರದ ಒಂದೂವರೆ ಪಟ್ಟು ದೂರದವರೆಗೆ ಜನ, ದನಗಳು ಸುಳಿಯದಂತೆ ಕಾವಲಿರಬೇಕು. ಹೆಜ್ಜೇನು ಕಟ್ಟಿದ ಮರವನ್ನು ಏರಬಾರದು.

ವಿದ್ಯುತ್ ತಂತಿಯ ಸಮೀಪದ ಮರದ ವಿಷಯದಲ್ಲಿ ರಾಜಿಯೇ ಇಲ್ಲ. ಹಸಿ ಕೊಂಬೆ ವಿದ್ಯುತ್ ಹರಿಸುತ್ತದೆ. ತಂತಿಯನ್ನು ಮುಟ್ಟದೆಯೂ ಅಪಘಾತ ಸಂಭವಿಸಬಹುದು. ಹೆಸ್ಕಾಂ ಸಿಬ್ಬಂದಿ ಸರಬರಾಜು ಕಡಿತಗೊಳಿಸಿ, ಕೆಲಸಕ್ಕೆ ಅನುವು ಮಾಡಿಕೊಟ್ಟ ನಂತರವೇ ಮರವೇರಬೇಕು. ಸಹಾಯವಾಣಿ ಸಂಖ್ಯೆ 1912. ತಂತಿಯ ಸುತ್ತಲಿನ ಕೊಂಬೆಗಳನ್ನು ಒಂದೇ ಬದಿಯಿಂದ ಕಡಿಯುತ್ತ ಹೋದರೆ ಮರ ಇನ್ನೊಂದು ಬದಿಗೆ ವಾಲುವುದರಿಂದ, ಎದುರು ಬದಿಯ ತುದಿಗಳನ್ನೂ ಹಗುರಗೊಳಿಸಿ ಸಮತೋಲ ಕಾಯಬೇಕು.

ಕಬ್ಬು ನುರಿಸುವ ಹಂಗಾಮಿನಲ್ಲಿ ಎತ್ತರಕ್ಕೆ ಹೇರಿದ ಟ್ರ್ಯಾಕ್ಟರ್‌ಗಳು ರಸ್ತೆಗೆ ಬಾಗಿದ ಕೊಂಬೆಗಳಿಗೆ ಸಿಲುಕುವುದು ಈ ಐದೂ ತಾಲ್ಲೂಕುಗಳಲ್ಲಿ ಪರಿಚಿತ ದೃಶ್ಯ. ಹಾಗೆ ಸಿಲುಕಿ ಸೀಳಿದ ಕೊಂಬೆ ತಿಂಗಳುಗಳ ನಂತರ ಬೀಳಬಹುದು. ಹಂಗಾಮಿಗೆ ಮೊದಲೇ ರಸ್ತೆಯ ಮೇಲಿನ ಕೆಳಕೊಂಬೆಗಳನ್ನು ಕ್ರಮಬದ್ಧವಾಗಿ ತೆಗೆಯುವುದು ಮರಕ್ಕೂ ಚಾಲಕರಿಗೂ ಹಿತ.

ಕಾನೂನು ಏನು ಹೇಳುತ್ತದೆ?

ಕೊಂಬೆ ಕಡಿದರೆ ಮರ ಕಡಿದಂತಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ತಪ್ಪು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯು ‘ಮರ ಕಡಿಯುವುದು’ ಎಂಬುದರ ವ್ಯಾಖ್ಯೆಯಲ್ಲಿ ಕೊಂಬೆ ಸವರುವುದು, ನೆತ್ತಿ ಕಡಿಯುವುದು, ತೊಗಟೆ ಸುಲಿಯುವುದು, ಸುಡುವುದು, ವಿಷ ಹಾಕುವುದು ಇವೆಲ್ಲವನ್ನೂ ಸೇರಿಸಿದೆ. ಆದ್ದರಿಂದ ಪಟ್ಟಣದಲ್ಲಿ ಸ್ವಂತ ಹಿತ್ತಿಲಿನ ಮರವಾದರೂ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಪಡೆಯಬೇಕು. ಒಣಗಿದ, ರೋಗಪೀಡಿತ, ಸಂಚಾರಕ್ಕೆ ಅಡ್ಡಿಯಾದ, ಜೀವ ಅಥವಾ ಆಸ್ತಿಗೆ ಅಪಾಯ ಒಡ್ಡುವ ಮರಗಳಿಗೆ ಅನುಮತಿ ನೀಡಲು ಕಾಯ್ದೆಯಲ್ಲಿಯೇ ಅವಕಾಶವಿದೆ. ನೀಲಗಿರಿ, ಸುಬಾಬುಲ್, ಸಿಲ್ವರ್ ಓಕ್, ತೆಂಗು ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಹೊಲದ ಮರಗಳಿಗೆ ನಿಯಮ ಭಿನ್ನವಾಗಿರಬಹುದಾದ್ದರಿಂದ ಮೊದಲೇ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸುವುದು ಸೂಕ್ತ. ರಸ್ತೆ ಬದಿಯ ಮರಗಳಿಗೆ ಖಾಸಗಿಯವರು ಕೈಹಚ್ಚುವಂತಿಲ್ಲ.

ಗಡಿಯಾಚೆ ಮೀರಜ್, ಕೊಲ್ಲಾಪುರಗಳಲ್ಲಿ ಮನೆ, ನಿವೇಶನ ಹೊಂದಿರುವವರು ಅಲ್ಲಿನ ಕಾನೂನನ್ನು ಗಮನಿಸಬೇಕು. ನಗರ ಪ್ರದೇಶಗಳಿಗೆ ಸಂಬಂಧಿಸಿದ 1975ರ ಮಹಾರಾಷ್ಟ್ರ ಕಾಯ್ದೆಗೆ 2021ರಲ್ಲಿ ತಂದ ತಿದ್ದುಪಡಿಯು 50 ವರ್ಷ ಮೀರಿದ ಮರಗಳನ್ನು ಪಾರಂಪರಿಕ ವೃಕ್ಷಗಳೆಂದು ಪರಿಗಣಿಸುತ್ತದೆ. ಎರಡೂ ಕಡೆ ಅನ್ವಯಿಸುವ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಹಕ್ಕಿಗಳ ಗೂಡು, ಮೊಟ್ಟೆಗಳನ್ನು ನಾಶಪಡಿಸುವುದು ಬೇಟೆಗೆ ಸಮ. ಗೂಡುಗಳಿದ್ದರೆ ಮರಿಗಳು ಹಾರಿಹೋಗುವವರೆಗೆ ಕಾಯಬೇಕು.

ಕೂಲಿಯೋ, ಕಟ್ಟಿಗೆಯೋ?

ಮರಗಳು ಬೋಳಾಗುವುದರ ಹಿಂದೆ ಅಜ್ಞಾನದಷ್ಟೇ ಮುಖ್ಯವಾದ ಇನ್ನೊಂದು ಕಾರಣವಿದೆ. ಕಡಿದವನಿಗೆ ಕೂಲಿಯ ಬದಲು ಕಟ್ಟಿಗೆ ಬಿಟ್ಟುಕೊಡುವ ಒಪ್ಪಂದ ಅನೇಕ ಕಡೆ ರೂಢಿಯಲ್ಲಿದೆ. ಮಾಲೀಕನಿಗೆ ಖರ್ಚಿಲ್ಲದ ಈ ವ್ಯವಸ್ಥೆ ಮರಕ್ಕೆ ಮಾರಕ. ಮರದ ಹಿತಕ್ಕಾಗಿ ಕತ್ತರಿಸಬೇಕಾದದ್ದು ತುದಿಯ ತೆಳು ಕೊಂಬೆ. ಅದಕ್ಕೆ ಅಡ್ಡೆಯಲ್ಲಿ ಬೆಲೆಯಿಲ್ಲ. ಬೆಲೆಯಿರುವುದು ಉಳಿಸಬೇಕಾದ ದಪ್ಪ ತೋಳಿಗೆ. ಕಟ್ಟಿಗೆಯೇ ಕೂಲಿಯಾದಾಗ ಗರಗಸ ಎತ್ತ ಸಾಗುವುದೆಂದು ಹೇಳಬೇಕಾಗಿಲ್ಲ.

ಆದುದರಿಂದ ಮನೆಯವರಾಗಲಿ, ಶಾಲೆಯ ಅಥವಾ ದೇವಸ್ಥಾನದ ಸಮಿತಿಯಾಗಲಿ, ಪುರಸಭೆಯಾಗಲಿ ಕೆಲಸಕ್ಕೆ ದಿನಗೂಲಿಯನ್ನೇ ನಿಗದಿಪಡಿಸುವುದು ಉತ್ತಮ. ಯಾವ ಕೊಂಬೆ, ಎಲ್ಲಿಯವರೆಗೆ ಎಂಬುದನ್ನು ಸುಣ್ಣದ ಗುರುತು ಹಾಕಿ ತೋರಿಸಬೇಕು. ನೆತ್ತಿ ಕಡಿಯಬಾರದು, ಕಾಲು ಭಾಗಕ್ಕಿಂತ ಹೆಚ್ಚು ಎಲೆ ತೆಗೆಯಬಾರದು, ಹಗ್ಗವಿಲ್ಲದೆ ಏರಬಾರದು ಎಂಬ ಮೂರು ಷರತ್ತುಗಳನ್ನು ಬರೆದುಕೊಳ್ಳಬೇಕು.

ಕೆಲಸದ ನಂತರದ ಮೊದಲ ಬೇಸಿಗೆಯಲ್ಲಿ ಹರವಿನ ಅಂಚಿನ ನೆಲಕ್ಕೆ ಆಗಾಗ ನೀರುಣಿಸಿ, ಕತ್ತರಿಸಿದ ಸೊಪ್ಪು, ಕಡ್ಡಿಗಳನ್ನೇ ಕಾಂಡಕ್ಕೆ ತಾಗದಂತೆ ಬುಡದ ಸುತ್ತ ಹರಡಬಹುದು. ರೋಗದ ತುದಿಗಳನ್ನು ಮಾತ್ರ ಹೀಗೆ ಬಳಸಕೂಡದು. ವರ್ಷದ ನಂತರ ಹೊಸ ಚಿಗುರುಗಳಲ್ಲಿ ಬಲವಾದ ಒಂದೆರಡನ್ನು ಉಳಿಸಿ ಉಳಿದವನ್ನು ತೆಗೆಯಬೇಕು. ಈಗಾಗಲೇ ನೆತ್ತಿ ಕಡಿಸಿಕೊಂಡ ಮರಗಳಿಗೂ ಇದೇ ಚಿಕಿತ್ಸೆ. ಅಂತಹ ಮರಗಳ ಕೆಳಗೆ ಶಾಲೆ, ಸಂತೆ ಅಥವಾ ಬಸ್ ನಿಲ್ದಾಣವಿದ್ದರೆ ಅವುಗಳ ಚಿಗುರುಕೊಂಬೆಗಳ ಬುಡವನ್ನು ಈ ಬಾರಿಯ ಮಳೆಗೆ ಮೊದಲೇ ಪರೀಕ್ಷಿಸುವುದು ಅಗತ್ಯ.